ಸೇನೆಯ ಡ್ರೋನ್ ಹಾರಿಸುವ ಆಸೆಯಿದ್ದರೆ ಮೊದಲು ಕಣ್ಣು ತೋರಿಸಿ

2025ರ ಮೇ ತಿಂಗಳ ಆಪರೇಷನ್ ಸಿಂಧೂರ ಆದಮೇಲೆ ನಮ್ಮ ಕೋಲಾರದ ಕಡೆ ಹುಡುಗರು ಕೇಳುವ ಪ್ರಶ್ನೆಯೇ ಬದಲಾಗಿದೆ. ಮೊದಲೆಲ್ಲ ಫೈಟರ್ ಪೈಲಟ್ ಆಗೋದು ಹೇಗೆ ಅಂತಿದ್ದವರು ಈಗ ಡ್ರೋನ್ ಪೈಲಟ್ ಆಗೋದು ಹೇಗೆ ಅಂತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: "ನನಗೆ ಸೈಟ್ ಇದೆ ಅಣ್ಣ, ಪರವಾಗಿಲ್ವಾ? ಹೇಗೂ ನೆಲದ ಮೇಲೆ ಕೂತು ತಾನೆ ಹಾರಿಸೋದು?" ನಮ್ಮೂರಲ್ಲಿ ಸೈಟ್ ಅಂದರೆ ಒಂದೋ ಮೂವತ್ತು ನಲವತ್ತರ ಜಾಗ, ಇಲ್ಲ ಕಣ್ಣಿನ ಪವರ್. ಎರಡೂ ಇರುವವರು ಕಡಿಮೆ, ಅದು ಬಿಡಿ.

ನೆಲದ ಮೇಲೆ ಕೂತರೂ ಕಣ್ಣು ಬೇಕು. ಎಷ್ಟು ಚೆನ್ನಾಗಿರಬೇಕು ಅನ್ನೋದು ನೀವು ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಅನ್ನೋದರ ಮೇಲೆ ನಿಂತಿದೆ. ನಾನು ಎರಡು ವರ್ಷ ತಪ್ಪು ಬಾಗಿಲ ಮುಂದೆ ನಿಂತಿದ್ದವನು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ಇದೆಯಲ್ಲ, ಅದನ್ನು ಹಾರಿಸಲು ನಾಗರಿಕ ವಿಮಾನಯಾನ ನೋಡಿಕೊಳ್ಳುವ ಡಿಜಿಸಿಎಯ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. 2021ರ ಡ್ರೋನ್ ನಿಯಮದ ಪ್ರಕಾರ 18ರಿಂದ 65 ವರ್ಷದ ಒಳಗಿದ್ದು, ಹತ್ತನೇ ತರಗತಿ ಪಾಸಾಗಿ, ಮಾನ್ಯತೆ ಇರುವ ಸಂಸ್ಥೆಯಲ್ಲಿ ತರಬೇತಿ ಮುಗಿಸಿದರೆ ಸಿಗುತ್ತದೆ. ಒಳ್ಳೆಯ ಕೆಲಸವೇ. ಆದರೆ ಆ ಸರ್ಟಿಫಿಕೇಟ್ ಹಿಡಿದುಕೊಂಡು ಹೋದರೆ ಸೇನೆಯಲ್ಲಿ ಹೆರಾನ್ ಅನ್ನುವ ದೊಡ್ಡ ಡ್ರೋನ್ ಕೈಗೆ ಕೊಡುವುದಿಲ್ಲ. ಅಲ್ಲಿ ಮೊದಲು ನೀವು ಅಧಿಕಾರಿ ಆಗಬೇಕು, ಆಮೇಲೆ ಡ್ರೋನ್. "ಈ ಕೋರ್ಸ್ ಮಾಡಿದ್ರೆ ಡಿಫೆನ್ಸ್‌ಗೆ ನೇರ ಹೋಗಬಹುದು" ಅಂತ ಯಾರಾದರೂ ದುಡ್ಡು ಕೇಳಿದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಈಗ ಕಣ್ಣು ಯಾಕೆ ಬೇಕು ಅನ್ನೋದು. ಹೆರಾನ್ ಒಮ್ಮೆ ಏರಿದರೆ ಒಂದು ದಿನಕ್ಕಿಂತ ಜಾಸ್ತಿ ಆಕಾಶದಲ್ಲೇ ಇರಬಲ್ಲದು. ಭಾರತ 2024ರ ಅಕ್ಟೋಬರ್‌ನಲ್ಲಿ 31 ಎಂಕ್ಯೂ-9ಬಿ ಡ್ರೋನ್‌ಗಳ ಖರೀದಿಗೆ ಸಹಿ ಹಾಕಿತಲ್ಲ, ನೌಕಾಪಡೆಗೆ 15, ಭೂಸೇನೆಗೆ 8, ವಾಯುಪಡೆಗೆ 8, ಅವೂ ಹಾಗೇ. ಡ್ರೋನ್‌ಗೆ ಸುಸ್ತಾಗುವುದಿಲ್ಲ, ಕೂತವರಿಗೆ ಆಗುತ್ತದೆ, ಹಾಗಾಗಿ ಪಾಳಿ ಮೇಲೆ ಜನ ಬದಲಾಗುತ್ತಾರೆ. ಕೂತಷ್ಟು ಹೊತ್ತೂ ಪರದೆ. ಅದರಲ್ಲಿ ಶಾಖದ ಕ್ಯಾಮೆರಾದ ಕಪ್ಪು ಬಿಳುಪು ಚಿತ್ರ, ಒಂದು ಬೂದು ಚುಕ್ಕೆ ಹಸುವೋ ಮನುಷ್ಯನೋ ಅಂತ ಹೇಳಬೇಕು. ಪಕ್ಕದಲ್ಲಿ ಎಂಜಿನ್, ಇಂಧನ, ಸಿಗ್ನಲ್‌ನ ಸೂಚನೆಗಳು, ಅವು ಹಸಿರು, ಹಳದಿ, ಕೆಂಪು. ಆ ಮೂರು ಬಣ್ಣ ನೆನಪಿಟ್ಟುಕೊಳ್ಳಿ, ಕತೆ ಅಲ್ಲೇ ಇರೋದು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಹಳೆಯ ಸರ್ಚರ್ ಡ್ರೋನ್ ತಾನಾಗೇ ಇಳಿಯುವಂಥದ್ದಲ್ಲ. ರನ್‌ವೇ ಪಕ್ಕ ಒಬ್ಬರು ಕೈಯಲ್ಲಿ ಕಂಟ್ರೋಲ್ ಪೆಟ್ಟಿಗೆ ಹಿಡಿದು ನಿಂತು, ಬರಿಗಣ್ಣಲ್ಲಿ ನೋಡಿ ಇಳಿಸುತ್ತಾರೆ. ಎಕ್ಸ್‌ಟರ್ನಲ್ ಪೈಲಟ್ ಅಂತ ಕರೆಯುತ್ತಾರೆ. ದೂರದಿಂದ ಗದ್ದೆ ಹಕ್ಕಿಯಷ್ಟು ಕಾಣುವ ವಿಮಾನ ಎಡಕ್ಕೆ ವಾಲಿದೆಯೋ ಬಲಕ್ಕೋ ಅಂತ ಕಣ್ಣಳತೆಯಲ್ಲೇ ತಿಳಿಯಬೇಕು. ಹೆರಾನ್ ತಾನೇ ಏರಿ ಇಳಿಯುತ್ತದೆ. ಆದರೂ "ಪರದೆ ಕಂಡರೆ ಸಾಕಲ್ವಾ" ಅನ್ನುವ ವಾದ ಮೆಡಿಕಲ್ ಬೋರ್ಡ್ ಮುಂದೆ ನಡೆಯುವುದಿಲ್ಲ.

ಲೆಕ್ಕ ಅರ್ಥ ಮಾಡಿಕೊಳ್ಳೋಣ. 6/6 ಅಂದರೆ ಸಾಮಾನ್ಯ ಕಣ್ಣು 6 ಮೀಟರಿನಿಂದ ಓದುವ ಸಾಲನ್ನು ನೀವೂ 6 ಮೀಟರಿನಿಂದ ಓದುತ್ತೀರಿ. 6/36 ಅಂದರೆ ಬೇರೆಯವರು 36 ಮೀಟರ್ ದೂರದಿಂದ ಓದಿದ್ದನ್ನು ಓದಲು ನೀವು 6 ಮೀಟರಿಗೆ ಬರಬೇಕು. ಇದು ಕಣ್ಣಿನ ಹರಿತ. ಪವರ್ ಅನ್ನೋದು ಬೇರೆ ಲೆಕ್ಕ, ಅದಕ್ಕೆ ಡಯಾಪ್ಟರ್ ಅಳತೆ. ಮೈನಸ್ ಒಂದು ಅಂದರೆ ಕನ್ನಡಕ ಇಲ್ಲದೆ ಒಂದು ಮೀಟರ್‌ವರೆಗೆ ಸ್ಪಷ್ಟ, ಮೈನಸ್ ಎರಡು ಅಂದರೆ ಅರ್ಧ ಮೀಟರ್‌ವರೆಗೆ. ಫೋನು, ಪುಸ್ತಕ ಎಲ್ಲ ಅದರೊಳಗೇ ಬರುತ್ತದೆ. ಅದಕ್ಕೇ ತುಂಬಾ ಹುಡುಗರಿಗೆ ಪವರ್ ಬಂದಿರುವುದೇ ಗೊತ್ತಾಗುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಬಂಗಾರಪೇಟೆ ಬೋರ್ಡ್ ಓದಿ ಓಡಿದ ಮೇಲೆ ಇವನು ಓಡುತ್ತಾನೆ, ಅಷ್ಟೇ.

ಬಾಗಿಲುಗಳಿಗೆ ಬರೋಣ.

ವಾಯುಪಡೆಯ ಫ್ಲೈಯಿಂಗ್ ಬ್ರಾಂಚ್ ಎಲ್ಲಕ್ಕಿಂತ ಬಿಗಿ. ಪಿಯುಸಿ ಮೇಲಿನ ಎನ್‌ಡಿಎ ಪರೀಕ್ಷೆ, ಡಿಗ್ರಿ ಮೇಲಿನ ಸಿಡಿಎಸ್, ಎಎಫ್‌ಕ್ಯಾಟ್ ಪರೀಕ್ಷೆಗಳು, ಎನ್‌ಸಿಸಿ ಸ್ಪೆಷಲ್ ಎಂಟ್ರಿ, ಯಾವುದರಿಂದ ಬಂದರೂ ಪೈಲಟ್‌ಗೆ ಒಂದು ಕಣ್ಣು 6/6, ಇನ್ನೊಂದು 6/9 ಇರಬೇಕು. ಆ 6/9 ಕಣ್ಣು ಪ್ಲಸ್ ಪವರ್‌ನ ಕನ್ನಡಕದಿಂದ ಮಾತ್ರ 6/6ಕ್ಕೆ ಬರಬೇಕು. ಮೈನಸ್ ಪವರ್ ಇರಲೇಬಾರದು, ಪಟ್ಟಿಯಲ್ಲಿ ನೇರವಾಗಿ ಸೊನ್ನೆ ಅಂತಲೇ ಇದೆ. ಪ್ಲಸ್ ಎರಡರವರೆಗೆ ನಡೆಯುತ್ತದೆ. ಬಣ್ಣ ಗುರುತಿಸುವುದರಲ್ಲಿ ಸಿಪಿ-1 (ಸಿಪಿ ಅಂದರೆ ಕಲರ್ ಪರ್ಸೆಪ್ಷನ್), ಅಂದರೆ ಅತಿ ಮೇಲಿನ ದರ್ಜೆ. ವಾಯುಪಡೆಯ ಡ್ರೋನ್‌ಗಳನ್ನು ನಡೆಸಿದವರು ವಿಮಾನದ ಪೈಲಟ್, ನ್ಯಾವಿಗೇಟರ್ ಕಡೆಯಿಂದ ಬಂದವರಾಗಿದ್ದರಿಂದ ಹಿಂದೆಲ್ಲ ಇದೊಂದೇ ದಾರಿ ಅನ್ನಿಸುತ್ತಿತ್ತು.

ಈಗ ಇನ್ನೊಂದು ದಾರಿ ಇದೆ. 2022ರ ಅಕ್ಟೋಬರ್ 8ರಂದು, ವಾಯುಪಡೆ ದಿನದಂದು, ವೆಪನ್ ಸಿಸ್ಟಮ್ಸ್ ಅನ್ನುವ ಹೊಸ ಶಾಖೆ ಘೋಷಣೆ ಆಯಿತು. ಕ್ಷಿಪಣಿ ನಡೆಸುವವರು, ಇಬ್ಬರು ಕೂರುವ ವಿಮಾನದಲ್ಲಿ ಹಿಂದೆ ಕೂತು ಆಯುಧ ನೋಡಿಕೊಳ್ಳುವವರು, ದೂರದಿಂದ ವಿಮಾನ ಹಾರಿಸುವವರು, ಎಲ್ಲ ಇದೇ ಸೂರಿನಡಿ. ಇವರಿಗಾಗಿ 2024ರ ಜುಲೈ 1ರಂದು ಹೈದರಾಬಾದಿನ ಬೇಗಂಪೇಟೆಯಲ್ಲಿ ಶಾಲೆಯೂ ಶುರುವಾಯಿತು. ಎಎಫ್‌ಕ್ಯಾಟ್ ಅಧಿಸೂಚನೆಯಲ್ಲಿ ಈ ಶಾಖೆ ಗ್ರೌಂಡ್ ಡ್ಯೂಟಿಯ ತಾಂತ್ರಿಕೇತರ ವಿಭಾಗದ ಕೆಳಗೆ ಬರುತ್ತದೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಎರಡರಲ್ಲೂ 50 ಪರ್ಸೆಂಟ್, ಡಿಗ್ರಿಯಲ್ಲಿ 60 ಪರ್ಸೆಂಟ್ ಬೇಕು. ಗ್ರೌಂಡ್ ಡ್ಯೂಟಿಗೆ ವಯಸ್ಸು 20ರಿಂದ 26. ಮೈನಸ್ ಪವರ್ ಇರುವವರು ಡ್ರೋನ್ ಕನಸು ಬಿಡುವ ಮೊದಲು ಓದಬೇಕಾದ ಸಾಲು ಇದೇ. ಅಧಿಸೂಚನೆಯ ಕೊನೆಯಲ್ಲಿ ಮೆಡಿಕಲ್ ಭಾಗ ಇರುತ್ತದೆ, ಅಲ್ಲಿ ಶಾಖೆಗೊಂದು ಸಾಲು, ಹರಿತಕ್ಕೊಂದು ಕಾಲಂ, ಪವರ್‌ಗೊಂದು, ಬಣ್ಣಕ್ಕೊಂದು. ನೀವು ಅರ್ಜಿ ಹಾಕುವ ವರ್ಷದ ಪಟ್ಟಿಯನ್ನೇ ಓದಿ. ಅಣ್ಣನ ಕಾಲದ್ದು, ವಾಟ್ಸ್ಯಾಪಿನಲ್ಲಿ ಬಂದದ್ದು ಬೇಡ.

ಭೂಸೇನೆಯಲ್ಲಿ ಮೊದಲು ಫಿರಂಗಿ ದಳದ ಕೈಯಲ್ಲಿದ್ದ ದೊಡ್ಡ ಡ್ರೋನ್‌ಗಳು ಈಗ ಸೇನೆಯದೇ ಹಾರಾಟ ದಳವಾದ ಆರ್ಮಿ ಏವಿಯೇಷನ್ ಕೈಗೆ ಬಂದಿವೆ. ಭೂಸೇನೆಗೆ ಅಧಿಕಾರಿಯಾಗಿ ಸೇರಲು ಕನ್ನಡಕ ಅಡ್ಡಿಯಲ್ಲ, ಪವರ್ ಅಧಿಸೂಚನೆ ಹೇಳುವ ಮಿತಿಯ ಒಳಗಿದ್ದು ಕನ್ನಡಕ ಹಾಕಿದಾಗ ಚೆನ್ನಾಗಿ ಕಾಣಬೇಕು. ಆಮೇಲೆ ಏವಿಯೇಷನ್‌ಗೆ ಹೋಗುವಾಗ ಬೇರೆ ಮೆಡಿಕಲ್. ನೌಕಾಪಡೆಗೆ ಕೊಚ್ಚಿ, ಪೋರಬಂದರ್, ರಾಮೇಶ್ವರದ ಹತ್ತಿರದ ಉಚಿಪುಳಿಯಲ್ಲಿ ಡ್ರೋನ್ ದಳಗಳಿವೆ, ಅಲ್ಲಿನ ಪೈಲಟ್ ಶಾಖೆ ಹೆಚ್ಚುಕಮ್ಮಿ ವಾಯುಪಡೆಯ ಹಾಗೇ ಬಿಗಿ. ಅಗ್ನಿವೀರ್ ವಾಯು ಬೇರೆ, ಅದು ಡ್ರೋನ್ ಹಾರಿಸುವ ಹುದ್ದೆ ಅಲ್ಲ. ಅಲ್ಲಿ ಬರಿಗಣ್ಣು 6/12, ಸರಿಪಡಿಸಿದಾಗ 6/6, ಮೈನಸ್ ಒಂದರವರೆಗೆ, ಬಣ್ಣ ಸಿಪಿ-2.

ಈಗ ನನ್ನ ಕತೆ. ಪವರ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಬಣ್ಣದ ಬಗ್ಗೆ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಕಾಲೇಜು ರಜೆಯಲ್ಲಿ ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಸೋದರಮಾವನ ಜೊತೆ ಕೆಲಸಕ್ಕೆ ಹೋಗುತ್ತಿದ್ದೆ. 15 ಕೆಜಿಯ ಪ್ಲಾಸ್ಟಿಕ್ ಬಾಕ್ಸ್‌ಗಳು, ಬೆಳಗ್ಗೆ ಹರಾಜು. ದೂರದೂರಿಗೆ ಹೋಗುವ ಲೋಡಿಗೆ ದೋರೆಗಾಯಿ, ಹತ್ತಿರಕ್ಕೆ ಕೆಂಪು ಹಣ್ಣು. ನಾನು ಬೇರೆ ಮಾಡಿದ ಬಾಕ್ಸ್‌ನಲ್ಲಿ ಯಾವಾಗಲೂ ಬೆರಕೆ. ಎಲ್ಲರೂ ಸೋಮಾರಿ ಅಂದರು. ನಾನು ಹಣ್ಣನ್ನು ಒತ್ತಿ ನೋಡಿ ಹೇಳುವುದನ್ನು ಕಲಿತುಕೊಂಡೆ, ಅದೊಂದು ಬುದ್ಧಿವಂತಿಕೆ ಅಂದುಕೊಂಡಿದ್ದೆ. ಮಾವನೂ ಒತ್ತಿಯೇ ನೋಡುತ್ತಿದ್ದರು. ನಮ್ಮಿಬ್ಬರಿಗೂ ಒಂದೇ ರೋಗ ಅಂತ ಆಗ ಯಾರಿಗೆ ಗೊತ್ತು?

ಡಿಗ್ರಿ ಮುಗಿಸಿ ಬೆಂಗಳೂರಲ್ಲಿ ಕೋಚಿಂಗ್ ಸೇರಿದೆ. ದುಡ್ಡು ಕಟ್ಟಿಸಿಕೊಂಡವರು ಎತ್ತರ ಕೇಳಿದರು, ತೂಕ ಕೇಳಿದರು, ಮಾರ್ಕ್ಸ್ ಕೇಳಿದರು. ಎರಡನೇ ವರ್ಷ ತಲೆನೋವು ಅಂತ ಒಂದು ಕಣ್ಣಿನ ಕ್ಲಿನಿಕ್‌ಗೆ ಹೋದಾಗ ಅಲ್ಲಿದ್ದ ಹುಡುಗಿ ಸುಮ್ನೆ ಚುಕ್ಕೆಗಳ ಪುಸ್ತಕ ತೆಗೆದಳು. ಇಶಿಹರಾ ಪ್ಲೇಟ್ ಅಂತಾರೆ ಅದಕ್ಕೆ. ಮೊದಲ ಪುಟದಲ್ಲಿ 12, ಅದು ಎಲ್ಲರಿಗೂ ಕಾಣುತ್ತದೆ. ಎರಡನೇ ಪುಟಕ್ಕೆ ನಾನು 3 ಅಂದೆ. ಅವಳು ನನ್ನ ಮುಖ ನೋಡಿ ಮುಂದಿನ ಪುಟ ತಿರುಗಿಸಿದಳು. ಅದು 8 ಆಗಿತ್ತು. 74 ಇದ್ದಲ್ಲಿ 21 ಅಂದೆ. ಆಮೇಲೆ ಕೆಲವು ಪುಟಗಳಲ್ಲಿ ಏನೂ ಇರಲಿಲ್ಲ, ಬರೀ ಚುಕ್ಕೆ. ಒಂದೆರಡು ನಿಮಿಷದ ಕೆಲಸ. ಆ ಎರಡು ನಿಮಿಷವನ್ನು ಕೋಚಿಂಗ್‌ಗೆ ಮೊದಲೇ ಖರ್ಚು ಮಾಡಿದ್ದರೆ ಅಪ್ಪನ ಒಂದು ಬೆಳೆಯ ದುಡ್ಡು ಉಳಿಯುತ್ತಿತ್ತು.

ಕೆಂಪು ಹಸಿರು ಬೇರೆ ಕಾಣದ ಈ ತೊಂದರೆ ಎಕ್ಸ್ ಕ್ರೋಮೋಸೋಮ್ ಮೇಲೆ ಬರುತ್ತದೆ. ಅದಕ್ಕೇ ಗಂಡಸರಲ್ಲಿ ಜಾಸ್ತಿ, ಹೆಂಗಸರಲ್ಲಿ ತೀರಾ ಕಡಿಮೆ. ಅಮ್ಮನಿಗೆ ಎಲ್ಲ ಬಣ್ಣವೂ ಸರಿಯಾಗಿ ಕಾಣುತ್ತದೆ, ಆದರೆ ಮಗನಿಗೆ ದಾಟಿಸಬಹುದು. ನಿಮ್ಮ ಸೋದರಮಾವನಿಗೋ ಅಮ್ಮನ ಅಪ್ಪನಿಗೋ ಇದ್ದರೆ ನೀವು ಮೊದಲು ನೋಡಿಸಿಕೊಳ್ಳಿ. ಇದಕ್ಕೆ ಔಷಧಿ ಇಲ್ಲ, ಆಪರೇಷನ್ ಇಲ್ಲ. ಬಣ್ಣದ ಕನ್ನಡಕ ಮಾರುವವರಿದ್ದಾರೆ, ಮೆಡಿಕಲ್‌ನಲ್ಲಿ ಅದನ್ನು ಹಾಕಲು ಬಿಡುವುದಿಲ್ಲ. ಪುಟ ಬಾಯಿಪಾಠ ಮಾಡಿ ಹೋದರೆ ಮಾರ್ಟಿನ್ ಲ್ಯಾಂಟರ್ನ್ ಅಂತ ಇನ್ನೊಂದಿದೆ, ಕತ್ತಲಲ್ಲಿ ದೂರದಿಂದ ಸಣ್ಣ ದೀಪದ ಬಣ್ಣ ಹೇಳಬೇಕು. ಅಲ್ಲಿ ಯಾವ ಪಾಠವೂ ಕೆಲಸಕ್ಕೆ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಕನ್ನಡಕದ ಅಂಗಡಿಗಲ್ಲ. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಬಹುದು, ಇಲ್ಲ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ. "ಕಣ್ಣು ಟೆಸ್ಟ್ ಮಾಡಿ" ಅಂತ ಅಂದರೆ ಕನ್ನಡಕ ಬರೆದು ಕಳಿಸುತ್ತಾರೆ. ಸೇನೆಯ ಮೆಡಿಕಲ್‌ಗೆ ಅಂತ ಹೇಳಿ, ಏನೇನು ಬೇಕು ಅಂತ ಚೀಟಿ ಬರೆದುಕೊಂಡು ಹೋಗಿ: ಕನ್ನಡಕ ಇಲ್ಲದೆ ಪ್ರತಿ ಕಣ್ಣಿನ ಹರಿತ ಬೇರೆ ಬೇರೆ, ಡ್ರಾಪ್ಸ್ ಹಾಕಿ ಪವರ್, ಇಶಿಹರಾ, ಕಣ್ಣಿನ ಸ್ನಾಯುಗಳ ಸಮತೋಲ, ರೆಟಿನಾ.

ಡ್ರಾಪ್ಸ್ ವಿಷಯ ಬಿಡಬೇಡಿ. ಹತ್ತನೇ ಕ್ಲಾಸಿನಲ್ಲಿ ಒಂದು ಅಂಗಡಿಯಲ್ಲಿ ಮೆಷಿನ್‌ಗೆ ಗದ್ದ ಇಡಿಸಿ, ಬಂದ ನಂಬರ್ ನೋಡಿ ನನಗೆ ಮೈನಸ್ ಅರ್ಧದ ಕನ್ನಡಕ ಕೊಟ್ಟರು. ಒಂದು ವರ್ಷ ಹಾಕಿದೆ. ಆಮೇಲೆ ಡ್ರಾಪ್ಸ್ ಹಾಕಿ ನೋಡಿದರೆ ಪವರ್ರೇ ಇಲ್ಲ. ಚಿಕ್ಕ ವಯಸ್ಸಿನ ಕಣ್ಣು ಮೆಷಿನ್ ಒಳಗಿನ ಚಿತ್ರ ಹತ್ತಿರದಲ್ಲಿದೆ ಅಂದುಕೊಂಡು ಬಿಗಿಯಾಗುತ್ತದೆ, ಇಲ್ಲದ ಮೈನಸ್ ತೋರಿಸುತ್ತದೆ. ಡ್ರಾಪ್ಸ್ ಆ ಬಿಗಿ ಬಿಡಿಸುತ್ತದೆ. ಇದರ ಉಲ್ಟಾ ಕೂಡ ಇದೆ, ಅಡಗಿ ಕೂತ ಪ್ಲಸ್ ಪವರ್ ಡ್ರಾಪ್ಸ್ ಹಾಕಿದಾಗಲೇ ಹೊರಗೆ ಬರುತ್ತದೆ. ಒಂದು ಮಾತು, ಡ್ರಾಪ್ಸ್ ಹಾಕಿಸಿಕೊಂಡ ದಿನ ಬೈಕ್ ತರಬೇಡಿ. ನಾನು ಆ ದಿನ ಬಸ್ಸಲ್ಲಿ ಟಿಕೆಟ್ ಮೇಲಿನ ಅಂಕಿ ಓದಲಾಗದೆ ಕಂಡಕ್ಟರ್ ಕೈಯಲ್ಲಿ ಬೈಸಿಕೊಂಡೆ.

ಸ್ನಾಯುಗಳ ಸಮತೋಲ ಅಂದರೆ ಎರಡು ಕಣ್ಣೂ ಜೋಡೆತ್ತಿನ ಹಾಗೆ ಒಟ್ಟಿಗೆ ಎಳೆಯುತ್ತವೆಯೋ ಇಲ್ಲವೋ ಅನ್ನೋದು. ಮ್ಯಾಡಾಕ್ಸ್ ರಾಡ್ ಅಂತ ಒಂದು ಕೆಂಪು ಗಾಜು ಒಂದು ಕಣ್ಣಿಗೆ ಹಿಡಿಯುತ್ತಾರೆ. ಒಂದು ಕಣ್ಣಿಗೆ ದೀಪದ ಚುಕ್ಕೆ, ಇನ್ನೊಂದಕ್ಕೆ ಕೆಂಪು ಗೆರೆ ಕಾಣುತ್ತದೆ, ಗೆರೆ ಚುಕ್ಕೆಯಿಂದ ಎಷ್ಟು ಆಚೆ ಹೋಗಿದೆ ಅಂತ ಅಳೆಯುತ್ತಾರೆ. ಪೆನ್ನಿನ ತುದಿಯನ್ನು ಮೂಗಿನ ಹತ್ತಿರ ತರುತ್ತಾ ಎಲ್ಲಿ ಎರಡಾಗುತ್ತದೆ ಅಂತಲೂ ನೋಡುತ್ತಾರೆ, ವಾಯುಪಡೆಯ ಪಟ್ಟಿಯಲ್ಲಿ 10 ಸೆಂಟಿಮೀಟರ್ ಅಂತಿದೆ. ಇದೊಂದರಲ್ಲಿ ಸ್ವಲ್ಪ ದುರ್ಬಲ ಇದ್ದರೆ ಡಾಕ್ಟರ್ ಹೇಳಿಕೊಡುವ ಅಭ್ಯಾಸದಿಂದ ಸುಧಾರಿಸಬಹುದು. ಮೈನಸ್ ಪವರ್ ಮಾತ್ರ ಅಭ್ಯಾಸದಿಂದ ಹೋಗುವುದಿಲ್ಲ. ತ್ರಾಟಕ ಮಾಡಿ, ಕ್ಯಾರೆಟ್ ತಿನ್ನಿ, ತಪ್ಪಿಲ್ಲ, ಆದರೆ ಮೈನಸ್ ಬರುವುದು ಕಣ್ಣುಗುಡ್ಡೆ ಉದ್ದವಾದಾಗ, ಅದು ಮತ್ತೆ ಗಿಡ್ಡ ಆಗುವುದಿಲ್ಲ.

ಲೇಸಿಕ್, ಅಂದರೆ ಲೇಸರ್‌ನಿಂದ ಪವರ್ ತೆಗೆಯುವ ಆಪರೇಷನ್ ಬಗ್ಗೆ ಆತುರ ಬೇಡ. ಎನ್‌ಡಿಎಗೆ ಹೋಗುವವರು ಮಾಡಿಸಿಕೊಂಡರೆ ಅಲ್ಲಿಗೇ ಮುಗಿಯಿತು, ವಾಯುಪಡೆ ಒಪ್ಪುವುದಿಲ್ಲ. ಎಎಫ್‌ಕ್ಯಾಟ್, ಸಿಡಿಎಸ್‌ನಿಂದ ಹೋಗುವವರಿಗೆ ವಾಯುಪಡೆ ಷರತ್ತು ಹಾಕಿ ಬಿಡುತ್ತದೆ. 20 ವರ್ಷಕ್ಕೆ ಮೊದಲು ಮಾಡಿಸಿರಬಾರದು, ಮಾಡಿಸಿ 12 ತಿಂಗಳು ಕಳೆದಿರಬೇಕು, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) 450 ಮೈಕ್ರಾನ್‌ಗಿಂತ ತೆಳ್ಳಗಾಗಿರಬಾರದು, ಕಣ್ಣುಗುಡ್ಡೆಯ ಉದ್ದ 25.5 ಮಿಲಿಮೀಟರ್ ಮೀರಬಾರದು, ಮೊದಲಿದ್ದ ಪವರ್ ಆರಕ್ಕಿಂತ ಜಾಸ್ತಿ ಇರಬಾರದು. ಕೊನೆಯ ಎರಡು ಆಪರೇಷನ್‌ಗೆ ಮೊದಲೇ ಅಳೆದು ಗೊತ್ತು ಮಾಡಿಕೊಳ್ಳುವಂಥವು. ಉದ್ದ 26 ಇರುವವರು ಲೇಸಿಕ್ ಮಾಡಿಸಿದರೆ ಕನ್ನಡಕ ಹೋಗುತ್ತದೆ, ಕೆಲಸ ಸಿಗುವುದಿಲ್ಲ. ಆಪರೇಷನ್ ಮಾಡುವವರಿಗೆ ನಿಮ್ಮ ಉದ್ದೇಶ ಮೊದಲೇ ಹೇಳಿ, ಎಲ್ಲ ಅಳತೆಯ ಕಾಗದ ಇಟ್ಟುಕೊಳ್ಳಿ.

ನಮ್ಮ ಕಡೆಯ ಧೂಳಿಗೆ ಒಂದು ಮಾತು. ಕಣ್ಣು ತುರಿಕೆ ಅಂತ ಮುಷ್ಟಿಯಲ್ಲಿ ಉಜ್ಜುವ ಅಭ್ಯಾಸ ಇದ್ದರೆ ಬಿಡಿ, ಅಲರ್ಜಿಗೆ ಔಷಧಿ ಹಾಕಿಸಿ. ವರ್ಷಗಟ್ಟಲೆ ಉಜ್ಜಿದರೆ ಕಾರ್ನಿಯಾ ತೆಳ್ಳಗಾಗಿ ಮುಂದಕ್ಕೆ ಚೂಪಾಗುವ ಕೆರಟೋಕೋನಸ್ ಬರುವ ಅಪಾಯ ಹೆಚ್ಚು. ಅದು ಬಂದರೆ ಯಾವ ಬಾಗಿಲೂ ತೆರೆಯುವುದಿಲ್ಲ. ಚಿಕ್ಕ ತಮ್ಮ ತಂಗಿಯರಿದ್ದರೆ ದಿನಾ ಒಂದೆರಡು ಗಂಟೆ ಬಿಸಿಲು ಬೆಳಕಿನಲ್ಲಿ ಆಡಲು ಬಿಡಿ, ಹೊರಗೆ ಆಡುವ ಮಕ್ಕಳಿಗೆ ಮೈನಸ್ ಬರುವುದು ಕಡಿಮೆ.

ಮೆಡಿಕಲ್ ಬರುವುದು ಅಧಿಕಾರಿಗಳ ಆಯ್ಕೆಯ ಸಂದರ್ಶನವಾದ ಎಸ್‌ಎಸ್‌ಬಿ ಪಾಸಾದ ಮೇಲೆ. ವಾಯುಪಡೆಯದು ದೆಹಲಿಯಲ್ಲಿ, ಇಲ್ಲವೇ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ. ಕೋಲಾರದಿಂದ ಹೋಗುವವರಿಗೆ ಮಾರತ್‌ಹಳ್ಳಿ ದಾಟಿದರೆ ಸಿಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಹೋಗಬೇಡಿ, ಇರುವ ಕನ್ನಡಕ ತೆಗೆದುಕೊಂಡು ಹೋಗಿ. ಹಿಂದಿನ ರಾತ್ರಿ ರೀಲ್ಸ್ ನೋಡುತ್ತಾ ಎಚ್ಚರ ಇರಬೇಡಿ, ದಣಿದ ಕಣ್ಣು 6/6 ಸಾಲಿನಲ್ಲಿ ತಡವರಿಸುತ್ತದೆ. ಚಾರ್ಟ್ ಬಾಯಿಪಾಠ ಮಾಡಿದರೂ ಪ್ರಯೋಜನವಿಲ್ಲ, ರೆಟಿನೋಸ್ಕೋಪ್ ಹಿಡಿದು ನಿಮ್ಮನ್ನು ಏನೂ ಕೇಳದೆಯೇ ಪವರ್ ಅಳೆಯುತ್ತಾರೆ. ಮನೆಯಲ್ಲಿ ಯಾರಿಗೂ ಇರುಳುಗುರುಡು ಇಲ್ಲ ಅಂತ ಒಂದು ಸರ್ಟಿಫಿಕೇಟಿಗೆ ಸಹಿ ಹಾಕಬೇಕಾಗುತ್ತದೆ, ಹಾಗಾಗಿ ಹೊರಡುವ ಮೊದಲು ಅಜ್ಜಿಯನ್ನು ಒಮ್ಮೆ ಕೇಳಿ. ಅನ್‌ಫಿಟ್ ಅಂದರೆ ಅಲ್ಲೇ ಜಗಳ ಬೇಡ. ಕಾರಣ ಬರೆಸಿಕೊಳ್ಳಿ, ಅಪೀಲ್ ಮೆಡಿಕಲ್ ಬೋರ್ಡ್‌ಗೆ ಅರ್ಜಿ ಹಾಕುವ ಅವಕಾಶ ಇದೆ, ಅದಕ್ಕೆ ಮೊದಲು ಹೊರಗಿನ ಕಣ್ಣಿನ ತಜ್ಞರಿಗೆ ತೋರಿಸಿ. ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ ಇದ್ದವರು ಅಪೀಲಿನಲ್ಲಿ ಪಾಸಾಗಬಹುದು. ಬಣ್ಣದಲ್ಲಿ ಬಿದ್ದರೆ ಆ ಬಾಗಿಲು ಬಿಟ್ಟು ಸಿಪಿ-2, ಸಿಪಿ-3 ಕೇಳುವ ಬೇರೆ ಶಾಖೆ ನೋಡಿ.

ಹೋದ ತಿಂಗಳು ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಹದಿಮೂರು ವರ್ಷ, ಡ್ರೋನ್ ಹುಚ್ಚು. ನನ್ನ ಅಮ್ಮನಿಂದ ನನಗೆ ಬಂದದ್ದು ಅಕ್ಕನ ಮೂಲಕ ಅವನಿಗೂ ದಾಟಿರುವ ಸಾಧ್ಯತೆ ಇತ್ತು, ಅಕ್ಕನಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ, ಸುಮ್ನೆ ಪೇಟೆಗೆ ಅಂದೆ. ಅವನು ಪುಸ್ತಕದ ಮುಂದೆ ಕೂತು 12 ಅಂದ, 8 ಅಂದ. 74ರ ಪುಟ ಬಂದಾಗ ನಾನು ಅವನ ಹಿಂದೆ ನಿಂತು ನೋಡುತ್ತಿದ್ದೆ. "ಎಪ್ಪತ್ನಾಲ್ಕು" ಅಂತ ಓದಿ ಅವನೇ ಪುಟ ತಿರುಗಿಸಲು ಕೈ ಹಾಕಿದ. ನನಗೆ ಅಲ್ಲಿ ಇನ್ನೂ 21ಏ ಕಾಣುತ್ತಿತ್ತು.